ಶಾವಿಗೆ ಒಣಗಿದ ಬೀದಿ

ಬನ್ನಿ, ಗೋಡೆಗೆ ಒರಗಿ ಕೂತುಕೊಳ್ಳಿ. ಕೈಯಲ್ಲಿ ಕೆಲಸವಿದ್ದರೆ ಮಡಿಲಲ್ಲೇ ಇರಲಿ, ಕಿವಿ ಮಾತ್ರ ಇತ್ತ ಕೊಡಿ. ಒಬ್ಬ ಗುರು ತನ್ನ ಶಿಷ್ಯನಿಗೆ ಹೇಳಿದ ಕತೆ ಇದು.

ಆ ಶಿಷ್ಯ ಮಠದ ಹೊಸ ಊಟದ ಮನೆ ಕಟ್ಟಿಸುತ್ತಿದ್ದ. ಪಾಯ ಮುಗಿದು ಬಾಗಿಲು ಇಡುವ ಹೊತ್ತಿಗೆ ಗುರುವಿನ ಮುಂದೆ ಬಂದು ಕೈಮುಗಿದ.

"ಗುರುಗಳೇ, ಪೇಟೆಗೆ ಫೆಂಗ್ ಶುಯಿ ಬಲ್ಲವರೊಬ್ಬರು ಬಂದಿದ್ದಾರೆ. ಚೀನಾ ದೇಶದ ವಾಸ್ತುವಂತೆ ಅದು. ಮಾರುಕಟ್ಟೆಗೆ ಬೆಂಕಿ ಬಿದ್ದದ್ದಕ್ಕೂ ಹೊಸ ಬಡಾವಣೆಯಲ್ಲಿ ಮನೆಗಳು ಖಾಲಿ ಉಳಿದದ್ದಕ್ಕೂ ಕಟ್ಟಡದ ಮುಖವೇ ಕಾರಣ ಎನ್ನುತ್ತಾರೆ. ನಮ್ಮ ಊಟದ ಮನೆಯ ಬಾಗಿಲು ಯಾವ ಕಡೆಗಿದ್ದರೆ ಮಠದ ಐಶ್ವರ್ಯ ಹೊರಗೆ ಹೋಗದೆ ನಿಲ್ಲುತ್ತದೆ?"

ಗುರು, "ಕೂತುಕೋ" ಎಂದರು. ಕತೆ ಶುರುಮಾಡಿದರು.

ಅದೇ ಚೀನಾ ದೇಶದಲ್ಲಿ, ಗುಡ್ಡದ ಇಳಿಜಾರಿನಲ್ಲಿ ಒಂದು ಬೀದಿ ಇತ್ತು. ನಲವತ್ತು ಮನೆ. ಮೇಲೆ ಒಂದು ಒರತೆ. ಅದರ ನೀರು ಬೀದಿಯ ನಡುವಿನ ಕಾಲುವೆಯಲ್ಲಿ ಹರಿದು, ಕೆಳಗಿನ ಕೇರಿಗೆ ಇಳಿಯುತ್ತಿತ್ತು. ಕೆಳಗಿನ ಕೇರಿಯವರು ಬಟ್ಟೆಗೆ ಬಣ್ಣ ಹಾಕುವವರು.

ಬೀದಿಯ ತುದಿಯಲ್ಲಿ ಒಬ್ಬ ಚಹಾ ವ್ಯಾಪಾರಿ ಇದ್ದ. ಅವನ ಪಕ್ಕದ ಮನೆಯಲ್ಲಿ ಒಬ್ಬ ವಿಧವೆ, ಶಾವಿಗೆ ಮಾಡಿ ಬದುಕುವವಳು. ನಮ್ಮ ಶಾವಿಗೆಯಂಥದೇ, ಆದರೆ ಆಳುದ್ದ. ಕೋಲಿನ ಮೇಲೆ ನೇತುಹಾಕಿ ಗಾಳಿಗೆ ಒಣಗಿಸುತ್ತಾರೆ.

ಒಂದು ವರ್ಷ ವ್ಯಾಪಾರಿಗೆ ವ್ಯಾಪಾರ ಕುದುರಲಿಲ್ಲ. ಅದೇ ವರ್ಷ ಕೆಳಗಿನ ಕೇರಿಯಲ್ಲಿ ಒಬ್ಬ ಬಣ್ಣಗಾರ ಹಂಚಿನ ಮನೆ ಕಟ್ಟಿದ. ನೀರು ಹೋದ ಕಡೆ ಸಂಪತ್ತೂ ಹೋಗುತ್ತದೆ ಎಂದು ಆ ದೇಶದ ಶಾಸ್ತ್ರ ಹೇಳುತ್ತದೆ. ವ್ಯಾಪಾರಿ ಬೀದಿಯವರನ್ನೆಲ್ಲ ಕರೆದು, "ನೋಡಿದಿರಾ? ನಮ್ಮ ಭಾಗ್ಯ ಹರಿದು ಹೋಗಿ ಅವರ ಮಾಡಿನ ಮೇಲೆ ಹಂಚಾಗಿ ಕೂತಿದೆ" ಎಂದ.

ಮನೆಗೊಂದು ಕಲ್ಲಿನಂತೆ ಎಲ್ಲರೂ ತಂದರು. ಶಾವಿಗೆಯವಳೂ ಒಂದು ಕಲ್ಲು ಹೊತ್ತು ತಂದಳು. ಬೀದಿಯ ಕೆಳತುದಿಗೆ, ಕಾಲುವೆಗೆ ಅಡ್ಡವಾಗಿ, ಎತ್ತರದ ಗೋಡೆ ಎದ್ದಿತು. ನೀರು ನಿಂತಿತು. ಅದರಲ್ಲಿ ಕೆಂಪು ಮೀನು ಬಿಟ್ಟು, ಭಾಗ್ಯ ನಿಂತಿತು ಎಂದು ಸಿಹಿ ಹಂಚಿದರು.

ಎರಡು ತಿಂಗಳಿಗೆ ಮೀನು ಸತ್ತವು. ಸೊಳ್ಳೆ ಹುಟ್ಟಿತು, ಮನೆಮನೆಗೂ ಜ್ವರ ಬಂತು. ಆಗಲೂ ಯಾರೂ ಗೋಡೆಯನ್ನು ನೋಡಲಿಲ್ಲ. ಎದುರು ಮನೆಯ ಮಾಡಿನ ಮೂಲೆ ನಮ್ಮ ಬಾಗಿಲಿಗೆ ಚುಚ್ಚುತ್ತಿದೆ ಎಂದು ಒಬ್ಬ ದೋಷ ಹಿಂದಿರುಗಿಸುವ ಎಂಟು ಮೂಲೆಯ ಕನ್ನಡಿ ತೂಗುಹಾಕಿದ. ದೋಷ ನಮ್ಮ ಮನೆಗೆ ತಿರುಗಿತು ಎಂದು ಎದುರಿನವನು ಇನ್ನೂ ದೊಡ್ಡ ಕನ್ನಡಿ ತಂದ. ತಿಂಗಳೊಳಗೆ ನಲವತ್ತು ಮನೆಗೂ ಕನ್ನಡಿ. ಬೀದಿಯಲ್ಲಿ ನಡೆದರೆ ಕಣ್ಣು ಕುಕ್ಕುತ್ತಿತ್ತು. ಮನೆಮನೆಯ ನಡುವೆ ಮಾತು ನಿಂತುಹೋಯಿತು.

ಜ್ವರದ ಸುದ್ದಿ ಊರಿನ ಅಧಿಕಾರಿಯ ಕಿವಿಗೆ ಬಿತ್ತು. "ಬೀದಿ ಅಶುಭ. ಹತ್ತನೆಯ ದಿನ ಎಲ್ಲ ಮನೆ ಕೆಡವಿ" ಎಂದು ಅಪ್ಪಣೆಯಾಯಿತು. ಅದಕ್ಕೆ ಮುದ್ರೆ ಒತ್ತಲು ಶಾಸ್ತ್ರ ಬಲ್ಲ ಒಬ್ಬ ಮುದುಕ ಎಂಟನೆಯ ದಿನ ಬಂದ. ದಿಕ್ಸೂಚಿ ಇಟ್ಟು ಸೂಜಿ ನೋಡಿದ. ಬೆನ್ನಿಗೆ ಗುಡ್ಡ, ಮುಂದೆ ಬಯಲು. ಎಲ್ಲಿಯೂ ತಪ್ಪಿಲ್ಲ. ಅವನಿಗೇ ಗೊಂದಲವಾಯಿತು.

ಆಗ ಶಾವಿಗೆಯವಳು ಒಂದು ಕೋಲು ಹಿಡಿದು ಬಂದಳು. ಕೋಲಿನ ತುಂಬ ಬೂಷ್ಟು ಹಿಡಿದ ಶಾವಿಗೆ.

"ಅಯ್ಯಾ, ಸೂಜಿ ಆಮೇಲೆ ನೋಡುವಿರಂತೆ, ಮೊದಲು ಇದನ್ನು ನೋಡಿ. ಮೂವತ್ತು ವರ್ಷ ಈ ಬೀದಿಯ ಗಾಳಿಗೆ ಒಂದೇ ದಿನದಲ್ಲಿ ಒಣಗುತ್ತಿತ್ತು. ಗೋಡೆ ಬಂದ ಮೇಲೆ ವಾರವಾದರೂ ಒದ್ದೆ."

ವ್ಯಾಪಾರಿ ನಕ್ಕ. "ಹಿಟ್ಟು ನಾದುವವಳಿಗೆ ಶಾಸ್ತ್ರದ ಮಾತು ಯಾಕಮ್ಮ? ಹೋಗು, ನಾದು ಹೋಗು."

"ನಾದುತ್ತೇನೆ ಯಜಮಾನರೇ. ನಾದಿದ್ದನ್ನು ಒಣಗಿಸಿಕೊಡುವುದು ನಿಮ್ಮ ಕನ್ನಡಿಯೋ?"

ಯಾರೋ ಕಿಸಕ್ಕೆಂದರು. ಎಷ್ಟೋ ತಿಂಗಳ ಮೇಲೆ ಆ ಬೀದಿಯಲ್ಲಿ ಕೇಳಿದ ಮೊದಲ ನಗು ಅದು.

ಅವಳು ಗೋಡೆಯ ಹತ್ತಿರ ಹೋದಳು. "ಇದು ನಾನು ಇಟ್ಟ ಕಲ್ಲು. ತಪ್ಪು ನನ್ನದೂ ಹೌದು. ನನ್ನದನ್ನು ನಾನು ತೆಗೆಯುತ್ತೇನೆ. ನಿಮ್ಮ ನಿಮ್ಮ ಭಾಗ್ಯ ನಿಮ್ಮ ನಿಮ್ಮ ಕಲ್ಲಿನ ಹಿಂದೆ ಸುಖವಾಗಿರಲಿ."

ಉಗುರು ಕಿತ್ತುಹೋಗುವ ಹಾಗೆ ಎಳೆದಳು. ಕಲ್ಲು ಬಂತು. ಆ ಕಿಂಡಿಯಿಂದ ತೋಳಿನಷ್ಟು ನೀರು ಆಚೆ ಹಾರಿತು. ಮೊದಲು ಕನ್ನಡಿ ತೂಗುಹಾಕಿದ್ದವನು ಒಂದು ಗಳಿಗೆ ನೋಡಿದ. ಬಂದು ತನ್ನ ಕಲ್ಲು ಎಳೆದ. ಮತ್ತೊಬ್ಬ ಬಂದ. ಅಷ್ಟರಲ್ಲಿ ಆಚೆ ಕಡೆ ಸದ್ದಾಯಿತು. ನೀರಿಲ್ಲದೆ ಒಲೆ ಆರಿಸಿ ಕೂತಿದ್ದ ಬಣ್ಣಗಾರರು ಓಡಿಬಂದಿದ್ದರು. ಜಗಳಕ್ಕೆ ಬಂದರು ಎಂದು ಎಲ್ಲರೂ ಹಿಂದೆ ಸರಿದರು. ಅವರ ಕೈಯಲ್ಲಿದ್ದದ್ದು ಹಾರೆ. ಆ ಕಡೆಯಿಂದ ಅವರು ಮೀಟಿದರು, ಈ ಕಡೆಯಿಂದ ಇವರು ಎಳೆದರು. ಕೊನೆಗೆ ವ್ಯಾಪಾರಿಯ ಕಲ್ಲೊಂದೇ ಉಳಿಯಿತು. ಎಲ್ಲಕ್ಕಿಂತ ದೊಡ್ಡದು. ಅದನ್ನು ಯಾರೂ ಮುಟ್ಟಲಿಲ್ಲ. ನೀರೇ ಉರುಳಿಸಿಕೊಂಡು ಹೋಯಿತು.

ಅದರ ಹಿಂದೆಯೇ ಗಾಳಿ ಬಂತು. ಜನ ಹೋ ಎಂದು ಕೂಗಿದರು, ಜಾಗಟೆ ಹೊಡೆದರು, ಕೆಸರಲ್ಲೇ ಕುಣಿದರು.

ಹತ್ತನೆಯ ದಿನ ಅಧಿಕಾರಿ ಗುದ್ದಲಿಯವರನ್ನು ಕರೆದುಕೊಂಡು ಬಂದ. ಕೆಸರು ಒಣಗಿತ್ತು. ಜ್ವರದಲ್ಲಿ ಮಲಗಿದ್ದವರು ಜಗಲಿಗೆ ಬಂದು ಕೂತಿದ್ದರು. ಈ ಗೋಡೆಯಿಂದ ಆ ಗೋಡೆಗೆ ಕೋಲು ಕಟ್ಟಿ ಶಾವಿಗೆ ಹಾಕಿದ್ದರು, ಬೀದಿಯುದ್ದಕ್ಕೂ ಬಿಳಿ ತೋರಣ. ಅಧಿಕಾರಿ ತಲೆ ತಗ್ಗಿಸದೆ ಮುಂದೆ ಹೋಗುವಂತಿರಲಿಲ್ಲ. ತಗ್ಗಿಸಿಯೇ ನಡೆದ.

"ಎಷ್ಟು ಬಾಗಿಲು ತಿರುಗಿಸಿದಿರಿ?" ಎಂದು ಮುದುಕನನ್ನು ಕೇಳಿದ.

"ಒಂದನ್ನೂ ಇಲ್ಲ ಸ್ವಾಮಿ. ಸೂಜಿ ಮೊನ್ನೆ ಇದ್ದಲ್ಲೇ ಇದೆ, ಗೋಡೆ ಮಾತ್ರ ಇಲ್ಲ."

ಅಧಿಕಾರಿ ಅಪ್ಪಣೆಯ ಕಾಗದವನ್ನು ಅಲ್ಲೇ ಹರಿದ. ಮುದುಕ ಬೇರೊಂದು ಕಾಗದಕ್ಕೆ ಶುಭ ಎಂದು ಮುದ್ರೆ ಒತ್ತಿದ.

ಆಮೇಲೆ ಯಾರ್‍ಯಾರು ಏನಾದರು ಅನ್ನುವಿಯಾ? ಹರಿಯುವ ನೀರಿಗೆ ಯಾರೂ ಅಡ್ಡ ಕಟ್ಟಕೂಡದೆಂದು ಅಧಿಕಾರಿ ಊರಿಗೆಲ್ಲ ಡಂಗುರ ಹೊಡೆಸಿದ. ಮುದುಕ ಶಾಸ್ತ್ರ ಬಿಡಲಿಲ್ಲ, ಆದರೆ ಎಲ್ಲಿಗೆ ಹೋದರೂ ದಿಕ್ಸೂಚಿ ತೆಗೆಯುವ ಮೊದಲು ಅಲ್ಲಿಯ ಹೆಂಗಸರನ್ನು ಮಾತಾಡಿಸುತ್ತಿದ್ದ. ಕನ್ನಡಿಗಳನ್ನು ಹುಡುಗಿಯರು ಇಳಿಸಿಕೊಂಡು ಜಡೆ ಹಾಕಿಕೊಂಡರು. ಚಹಾ ವ್ಯಾಪಾರಿ ಒಂದು ವರ್ಷ ಮುಖ ಊದಿಸಿಕೊಂಡಿದ್ದು, ಮರುವರ್ಷ ಆ ಹಂಚಿನ ಮನೆಯ ಬಣ್ಣಗಾರನ ಮಗಳನ್ನೇ ಸೊಸೆ ಮಾಡಿಕೊಂಡ. ಶಾವಿಗೆಯವಳು ತೊಂಬತ್ತು ವರ್ಷ ಬಾಳಿದಳು. ಮೇಲಿನ ಬೀದಿ, ಕೆಳಗಿನ ಕೇರಿ, ಯಾರ ಮನೆಯ ಮದುವೆಯೂ ಅವಳ ಶಾವಿಗೆ ಇಲ್ಲದೆ ಆಗಲಿಲ್ಲ.

ಶಿಷ್ಯ ಸಂತೋಷದಿಂದ ತಲೆದೂಗಿದ. "ಚೆನ್ನಾಗಿದೆ ಗುರುಗಳೇ. ಹಾಗಾದರೆ ನಮ್ಮ ಊಟದ ಮನೆಯ ಬಾಗಿಲು ಯಾವ ಕಡೆಗೆ?"

ಗುರು ಹೇಳಿದರು: "ಯಾವ ಕಡೆಗೆ ತೆರೆಯಲಿ ಎಂದು ಎರಡು ಸಲ ಕೇಳಿದೆ ಮಗು, ಯಾರಿಗೆ ತೆರೆಯಲಿ ಎಂದು ಒಂದು ಸಲವೂ ಕೇಳಲಿಲ್ಲ."