ನಾಲ್ಕು ಹೆಸರಿನ ಕೋಳಿ

ಕಡಲಕೋಟೆಯ ಅರಸ ತಿಮ್ಮರಸನಿಗೆ ತನ್ನ ವೀಳ್ಯದೆಲೆ ತೋಟವೆಂದರೆ ಪ್ರಾಣ. ಅಂಥ ಎಲೆ ಬೇರೆ ಯಾವ ರಾಜನ ಬಾಯಿಗೂ ಬಿದ್ದಿಲ್ಲವೆಂದು ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದ. ತೋಟ ಕೆಡಿಸಿದವರು ನಲವತ್ತೊಂದು ದಿನ ಅದಕ್ಕೆ ನೀರು ಹೊರಬೇಕೆಂಬುದು ಅರಮನೆಯ ಕಟ್ಟಳೆ.

ಪರದೇಶದ ನಾಲ್ಕು ಹಡಗುಗಳು ಬಂದ ಮರುದಿನ ಬೆಳಿಗ್ಗೆ ನೋಡಿದರೆ, ಕೆಂಪು ಜೋಲುಗೊರಳಿನ ದಪ್ಪ ಕೋಳಿಯೊಂದು ಬಳ್ಳಿಗಳ ಕುಡಿಯನ್ನೆಲ್ಲ ತಿಂದು ಮುಗಿಸಿತ್ತು.

ಅರಸ ಆ ಹಡಗುಗಳ ನಾಲ್ವರು ವರ್ತಕರನ್ನೂ ಸಭೆಗೆ ಕರೆಸಿದ. “ಇದು ಯಾರದು?”

“ನಮ್ಮದಲ್ಲ,” ಎಂದ ಇಂಗ್ಲಿಷಿನವನು. “ನಾವು ಇದನ್ನು ಟರ್ಕಿ ಅನ್ನುತ್ತೇವೆ. ಟರ್ಕಿ ದೇಶದ್ದಿರಬೇಕು.”

“ನಮ್ಮಲ್ಲಿ ಪೆರು,” ಎಂದ ಪೋರ್ಚುಗೀಸ. “ಕಡಲಾಚೆಯ ಪೆರು ದೇಶದವರನ್ನು ಕೇಳಿ.”

ಡಚ್ಚಿನವನು ಕೈಯಾಡಿಸಿದ. “ನಮ್ಮವರು ಕಾಲ್ಕೂನ್ ಅನ್ನುವುದು. ಕಲ್ಲಿಕೋಟೆಯದು ಅಂತ. ಇಲ್ಲೇ ಹತ್ತಿರದಲ್ಲಿದೆಯಲ್ಲ.”

ಫ್ರೆಂಚನು ಬಾಗಿ ನಮಸ್ಕರಿಸಿದ. “ನಮ್ಮ ಮಾತಿನಲ್ಲಿ ದ್ಯಾಂದ್, ಪ್ರಭು. ಇಂಡಿಯಾದ್ದು ಎಂದರ್ಥ. ಕೋಳಿ ತಮ್ಮದೇ.”

“ನಮ್ಮದಾದರೆ, ಕಾಯದೆ ಬಿಟ್ಟದ್ದು ತೋಟಗಾತಿಯ ತಪ್ಪು. ದುಗ್ಗಮ್ಮನೇ ನೀರು ಹೊರಲಿ,” ಎಂದ ಅರಸ.

ದುಗ್ಗಮ್ಮನಿಗೆ ಎಪ್ಪತ್ತು ದಾಟಿತ್ತು. ಮಂಡಿ ಹಿಡಿದುಕೊಂಡೇ ಪಕ್ಕದಲ್ಲಿದ್ದ ಆಸ್ಥಾನದ ದುಭಾಷಿ ಪದ್ಮಣ್ಣನಿಗೆ ಹೇಳಿದಳು: “ಅಷ್ಟೊಂದು ಭಾಷೆ ಕಲಿತಿದ್ದೀಯಲ್ಲ ಮಗಾ, ಒಂದರಲ್ಲಾದರೂ ನನ್ನ ಪರ ಮಾತಾಡೋ.”

ಪದ್ಮಣ್ಣ ಎದ್ದ. “ಪ್ರಭು, ಈ ಕೋಳಿ ಗರಿ ಬಿಚ್ಚಿ ಕುಣಿದದ್ದನ್ನು ರಾಣಿಯವರು ಬಹಳ ಮೆಚ್ಚಿದರಂತೆ. ತಂದವರಿಗೆ ಈ ವರ್ಷದ ಮೆಣಸನ್ನು ಎಲ್ಲರಿಗಿಂತ ಮೊದಲು ಆರಿಸಲು ಬಿಟ್ಟರೆ ಹೇಗೆ?”

ಅರಸ ಅವನ ಮುಖ ನೋಡಿದ. ಏನೋ ಇದೆಯೆಂದುಕೊಂಡು ತಲೆದೂಗಿದ.

“ಅದು ನನ್ನ ಹಡಗಿನದು,” ಎಂದ ಪೋರ್ಚುಗೀಸ. “ಮೊಟ್ಟೆಯಿಂದ ಸಾಕಿದ್ದೇನೆ.”

“ನಿನ್ನದೆಲ್ಲಿ ಬಂತು? ನನ್ನ ಅಂಗೈಯಿಂದಲೇ ಕಾಳು ತಿನ್ನುತ್ತಿತ್ತು,” ಎಂದ ಇಂಗ್ಲಿಷಿನವನು.

ಡಚ್ಚಿನವನು ಅದರ ತಾಯಿಯನ್ನೂ ತರಿಸುತ್ತೇನೆಂದ. ಫ್ರೆಂಚನಂತೂ ಕಣ್ಣೊರೆಸಿಕೊಂಡ.

“ಹಾಗಾದರೆ ಬರೆದು ರುಜು ಹಾಕಿಕೊಡಿ,” ಎಂದ ಪದ್ಮಣ್ಣ. ನಾಲ್ವರೂ ಹಾಕಿದರು.

ಕಾಗದಗಳನ್ನು ಅರಸನಿಗೆ ಒಪ್ಪಿಸಿ ಪದ್ಮಣ್ಣ ಹೇಳಿದ: “ತೋಟ ಕೆಡಿಸಿದ ಕೋಳಿಗೆ ನಾಲ್ವರು ಒಡೆಯರು ಸಿಕ್ಕರು, ಪ್ರಭು. ನಾಲ್ಕು ಕೊಡ ತರಿಸಿ. ಮೆಣಸನ್ನು ನಲವತ್ತೊಂದು ದಿನ ಕಳೆದ ಮೇಲೆ ನಾಲ್ವರೂ ಒಟ್ಟಿಗೇ ಮೊದಲು ಆರಿಸಲಿ.”

ಅಂದು ಸಂಜೆ ದುಗ್ಗಮ್ಮ ಬಾವಿಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. “ಏ ಟೋಪಿಯಪ್ಪ, ನೀರು ಬಳ್ಳಿಯ ಬುಡಕ್ಕೆ, ನಿನ್ನ ಕಾಲಿಗಲ್ಲ.”

ನೋಡುತ್ತ ನಿಂತಿದ್ದ ಅರಸನಿಗೆ ನಗು ತಡೆಯಲಾಗಲಿಲ್ಲ. ತನ್ನ ಶಾಲನ್ನೇ ಪದ್ಮಣ್ಣನಿಗೆ ಹೊದಿಸಿ ಕೇಳಿದ: “ಅದಿರಲಿ, ಈ ಕೋಳಿಯ ನಿಜವಾದ ಊರು ಯಾವುದಯ್ಯ?”

“ಮೆಣಸು ಸಿಗುವಾಗ ಇವರ ಊರು, ಪ್ರಭು. ನೀರು ಹೊರುವಾಗ ಪಕ್ಕದವರ ಊರು.”