ಡಬ್ಬಿ ಸಾಲು

ಹೊಸಕೇರಿ ಬಡಾವಣೆಯ ನಡುವೆ ಒಂದು ಉದ್ದನೆಯ ಅಂಗಡಿ ಸಾಲಿದೆ. ಫಲಕದಲ್ಲಿ ‘ವಿಜಯ ಮಾರ್ಕೆಟ್’ ಎಂದಿದ್ದರೂ ಆಟೋದವರಿಗೆ ಆ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ‘ಡಬ್ಬಿ ಸಾಲು’ ಎಂದರೆ ಮರುಮಾತಿಲ್ಲದೆ ಕರೆತರುತ್ತಾರೆ. ಇದರ ಕಾರಣವನ್ನು ಹೇಳುವವರು ಅಲ್ಲಿನ ಬಳೆ ಅಂಗಡಿಯ ಖಾತೂನಬಿ, ಅದೂ ಗಿರಾಕಿಯ ಕೈಗೆ ಬಳೆ ಏರಿಸುತ್ತಾ, ಕೈ ಬಿಡಿಸಿಕೊಂಡು ಓಡಲಾಗದ ಹೊತ್ತಿನಲ್ಲಿ.

ಹಿಂದೆ ಒಮ್ಮೆ, ಮಹಾಯುದ್ಧ ಮುಗಿದ ಹೊಸತರಲ್ಲಿ, ಊರ ಹೊರಗಿನ ಬಯಲಿನಲ್ಲಿ ಈ ಮಾರ್ಕೆಟ್ಟು ಎದ್ದಿತಂತೆ. ಗೆದ್ದವರು ಯಾರೋ, ವಿಜಯ ಮಾತ್ರ ನಮ್ಮ ಫಲಕಕ್ಕೆ ಬಂತು. ನರಿ ಕೂಗುತ್ತಿದ್ದ ಆ ಜಾಗದಲ್ಲಿ ಮೊದಲ ಮಳಿಗೆ ಹಿಡಿದವಳು ತುಂಗವ್ವ. ಗಂಡ ತೀರಿದ ಮೇಲೆ ಒಡವೆ ಮಾರಿ ಎಂಜಿನ್ನು ತಂದು, ಹಿಂಬದಿಯ ಮೂಲೆಯಲ್ಲಿ ಹಿಟ್ಟಿನ ಗಿರಣಿ ಹಾಕಿದಳು. ಹೆಂಗಸರು ಜೋಳದ ಡಬ್ಬಿಗಳನ್ನು ಸರದಿಗೆ ಇಟ್ಟು, ತಮ್ಮ ಪಾಳಿ ಬರುವವರೆಗೆ ಬಳೆ, ಸೀರೆ ನೋಡುತ್ತಾ ಅಲೆಯುತ್ತಿದ್ದರು. ಮುಂದಿನ ಮಳಿಗೆಗಳೆಲ್ಲ ಹೀಗೆ ಬೆಳೆದವು, ಆದರೆ ಬೆಳೆದವರಿಗೆ ಅದು ಹೊಳೆಯಲಿಲ್ಲ. ಬಟ್ಟೆ ಅಂಗಡಿಯ ಅಂದಾನೆಪ್ಪ ಶೆಟ್ಟರಿಗಂತೂ ಇಳಕಲ್ ಸೀರೆಯ ಮೇಲೆ ಕೂರುವ ಹಿಟ್ಟಷ್ಟೇ ಕಾಣುತ್ತಿತ್ತು. ಉಳಿದವರನ್ನು ಕೂಡಿಸಿಕೊಂಡು, ಮಾರ್ಕೆಟ್ಟಿನ ಮಾಲೀಕರ ಕಿವಿ ಊದಿ, ಅವಳಿಂದ ಮಳಿಗೆ ಬಿಡಿಸಿದರು.

“ಶೆಟ್ರ, ಹಿಟ್ಟು ಝಾಡಿಸಿದ್ರ ಹೋಗ್ತೈತಿ. ಗಿರಾಕಿ ಹೋದ್ರ ಎಲ್ಲಿಂದ ತರ್ತೀರಿ?” ಎಂದಳು ತುಂಗವ್ವ.

“ನನ್ನ ಸೀರಿ ನೋಡಿ ಬರ್ತಾರವ್ವಾ ಅವರು. ನಿನ್ನ ಮಾರಿ ನೋಡಿ ಅಲ್ಲ.”

ಎಂಜಿನ್ನನ್ನು ಚಕ್ಕಡಿಗೆ ಹೇರಿ ಹೊರಟಾಗ, ತಾನೇ ಹೊಸ್ತಿಲು ತೊಳೆದು ಶುರುಮಾಡಿದ ಮಳಿಗೆಯತ್ತ ಅವಳು ತಿರುಗಿ ನೋಡಲಿಲ್ಲವಂತೆ. ನೋಡಿದ್ದರೆ ಅತ್ತುಬಿಡುತ್ತಿದ್ದಳು, ಶೆಟ್ಟರ ಎದುರು ಅಳುವುದುಂಟೇ? ರೈಲ್ವೆ ಗೇಟಿನ ಆಚೆ ತಗಡಿನ ಚಪ್ಪರದಲ್ಲಿ ಗಿರಣಿ ಹೂಡಿದಳು. ಡಬ್ಬಿಗಳೂ ಅವಳ ಹಿಂದೆಯೇ ಗೇಟು ದಾಟಿದವು. ಇತ್ತ ಶೆಟ್ಟರ ಸೀರೆಗಳ ಮೇಲೆ ಒಂದು ಕಣ ಹಿಟ್ಟಿಲ್ಲ, ಗಿರಾಕಿಯ ಒಂದು ಕೈಯೂ ಇಲ್ಲ. ಚಪ್ಪರ ಸೋರತೊಡಗಿದ ಮಳೆಗಾಲದ ಮೊದಲ ವಾರ, ಶೆಟ್ಟರು ತಾವೇ ಜೋಳದ ಡಬ್ಬಿ ಹೊತ್ತು ಸರದಿಯ ಕೊನೆಗೆ ಬಂದು ನಿಂತರು ಎನ್ನುತ್ತಾರೆ.

“ಏನ್ರೀ ಶೆಟ್ರ, ಸೀರಿ ಗಂಟು ಬಿಟ್ಟು ಡಬ್ಬಿ ಹೊತ್ತೀರಲ್ಲ!” ಎಂದು ಹೆಂಗಸರು ನಕ್ಕರು.

“ಪಾಳಿ ಬರಲಿ, ಆಮ್ಯಾಲ ಮಾತು,” ಎಂದಳು ತುಂಗವ್ವ. ಪಾಳಿ ಬಂದಾಗ ಶೆಟ್ಟರು ಡಬ್ಬಿ ಇಳಿಸಿ, “ಬೀಸಾಕಲ್ಲ ತಂಗಿ, ನಿನ್ನ ಕರಿಯಾಕ ಬಂದೀನಿ,” ಎಂದರು.

“ಬರ್ತೀನಿ. ಆದ್ರ ಮೂಲ್ಯಾಗಲ್ಲ, ನಟ್ಟನಡುವಿನ ಮಳಿಗ್ಯಾಗ. ಡಬ್ಬಿ ನಿಮ್ಮ ಬಾಗಲ ಮುಂದನ ನಿಂದರಬೇಕು.”

ಮರುದಿನ ಎಂಜಿನ್ನಿನ ಚಕ್ಕಡಿ ಮುಂದೆ, ತಲೆಯ ಮೇಲೆ ಡಬ್ಬಿ ಹೊತ್ತ ಹೆಂಗಸರ ದಂಡು ಹಿಂದೆ, ರೈಲನ್ನೇ ಗೇಟಿನಲ್ಲಿ ಕಾಯಿಸಿ ಅವಳು ಮರಳಿದಳಂತೆ. ರೈಲಿನ ಮಾತು ಖಾತೂನಬಿಯದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹೊಸ ಮಳಿಗೆಯ ಮೊದಲ ಹಿಟ್ಟು ಹಾರಿ ಶೆಟ್ಟರ ಕರಿಟೋಪಿ ಬೆಳ್ಳಗಾಯಿತು. ಅವರು ಅದನ್ನು ಝಾಡಿಸಲಿಲ್ಲ.

ಇಂದಿಗೂ ಜಗಲಿಯ ಶಹಾಬಾದ ಕಲ್ಲಿನ ಮೇಲೆ ಡಬ್ಬಿಗಳು ಕೊರೆದ ದುಂಡು ಗುರುತುಗಳು ಕಾಣುತ್ತವೆ. ನಟ್ಟನಡುವೆ ತುಂಗವ್ವನ ಮೊಮ್ಮಗಳ ಕರೆಂಟಿನ ಗಿರಣಿ ಗರಗರ ಎನ್ನುತ್ತಿದೆ. ಬೆಳಗ್ಗೆ ಸರದಿಯ ಮೊದಲ ಡಬ್ಬಿ ಇವತ್ತಿಗೂ ಶೆಟ್ಟರ ಅಂಗಡಿಯದೇ. ನೀವು ಹೋದಾಗ ಆ ಗುರುತುಗಳನ್ನು ತುಳಿಯದೆ ದಾಟಿ. ದಾರಿ ಕೇಳಿದವರಿಗೆ ‘ಡಬ್ಬಿ ಸಾಲು’ ಎಂದೇ ಹೇಳಿ. ಯಾಕೆ ಎಂದು ಕೇಳಿದರೆ, ತುಂಗವ್ವ ಗೇಟು ದಾಟಿ ಬಂದದ್ದನ್ನೂ ಹೇಳಿ. ರೈಲನ್ನು ಬಿಡಬೇಡಿ.