ಇಳಿಸಬಾರದ ಕೊಡ

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ನಾನು ಕಣ್ಣಾರೆ ಕಂಡದ್ದನ್ನು ನಂಬಿ ನಡೆದುಕೊಂಡೆ. ಆದರೂ ಅನ್ಯಾಯ ಮಾಡಿದೆ ಎಂದು ಅಡುಗೆಮನೆಯವರು ಹೇಳುತ್ತಿದ್ದಾರೆ. ಕಣ್ಣಾರೆ ಕಂಡದ್ದು ತಪ್ಪಾಗುವುದು ಹೇಗೆ?"

"ಏನು ಕಂಡೆ?" ಎಂದರು ಗುರು.

"ಬೆಳಿಗ್ಗೆ ಒಬ್ಬ ಮುದುಕ ಬಂದಿದ್ದ. ಕಾಲು ನಡೆಯದು, ಮಠದ ಊಟವನ್ನು ಮನೆಗೆ ಕಳಿಸಿಕೊಡಿ ಎಂದ. ನಡೆಯಲಾರದವರಿಗೆ ಮಾತ್ರ ಕಳಿಸುವುದು ನಮ್ಮ ಪದ್ಧತಿ. ಅವನೋ ಬೆಟ್ಟದ ಮೆಟ್ಟಿಲು ಹತ್ತಿ ಬಂದು ನನ್ನೆದುರು ನಿಂತಿದ್ದ. ಇಲ್ಲಿಯವರೆಗೆ ಹತ್ತಿ ಬಂದವನು ದಿನವೂ ಬಂದು ಪಂಕ್ತಿಯಲ್ಲಿ ಕೂರಬಹುದು ಎಂದು ಹೇಳಿ ಕಳಿಸಿಬಿಟ್ಟೆ."

ಗುರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬೇಸಿಗೆಯಲ್ಲೂ ಬತ್ತದ ಬಾವಿ ಒಂದೇ ಇತ್ತು. ಅದು ಊರ ಹೊರಗಿತ್ತು. ನಡೆಯಲಾರದವರ ಮನೆಗೆ ಊರಿನವರೇ ನೀರು ಹೊತ್ತು ಹಾಕಬೇಕು ಎಂಬುದು ಅಲ್ಲಿನ ಕಟ್ಟಳೆ. ಯಾರು ನಡೆಯಬಲ್ಲರು, ಯಾರು ನಡೆಯಲಾರರು ಎಂದು ತೀರ್ಮಾನಿಸುವವನು ನೀರಿನ ಪಾಲು ನೋಡಿಕೊಳ್ಳುವ ನೀರುಗಂಟಿ. ಅವನು ಯಾರ ಕೈಯಿಂದಲೂ ಲಂಚ ಮುಟ್ಟಿದವನಲ್ಲ. ಅವನ ಪರೀಕ್ಷೆ ಸರಳವಾಗಿತ್ತು. ಬಾವಿಕಟ್ಟೆಯ ಮೇಲೆ ಕುಳಿತು, ಬರುವಂತೆ ಹೇಳಿಕಳಿಸುವನು. ಬಂದು ಕಟ್ಟೆ ಮುಟ್ಟಿದವರು ನಡೆಯಬಲ್ಲವರು.

ಆ ಊರಿನಲ್ಲಿ ಒಬ್ಬ ಕುಂಬಾರಗಿತ್ತಿ ಒಂಟಿಯಾಗಿ ಬಾಳುತ್ತಿದ್ದಳು. ಮಣ್ಣು ತೆಗೆಯುವಾಗ ಗುಂಡಿ ಕುಸಿದು ಅವಳ ಸೊಂಟ ಮುರಿದಿತ್ತು. ಕುಳಿತಲ್ಲೇ ಮಡಕೆ ತಟ್ಟುತ್ತಿದ್ದಳು. ಕುಡಿಯಲು ನೀರು ಬೇಕು. ಮಣ್ಣು ಕಲಸಲೂ ನೀರೇ ಬೇಕು. ಅದನ್ನು ಊರಿನವರು ತಂದು ಹಾಕುತ್ತಿದ್ದರು.

ಒಂದು ಬೇಸಿಗೆಯಲ್ಲಿ ನೀರುಗಂಟಿ ಅವಳಿಗೂ ಹೇಳಿಕಳಿಸಿದ. ಅವಳು ಗೋಡೆ ಹಿಡಿದು, ಮರದ ಬುಡದಲ್ಲಿ ಕುಳಿತು, ಮತ್ತೆ ಎದ್ದು ಬಂದಳು. ಬಾವಿಯ ಬಳಿ ಊರಿನ ಗಂಡಸರು ನಿಂತಿದ್ದರು. ಅವರೆದುರು ಕಾಲೆಳೆಯಲು ಅವಳಿಗೆ ನಾಚಿಕೆಯಾಯಿತು. ಸೆರಗು ಹೊದ್ದು, ತುಟಿ ಕಚ್ಚಿ, ನೆಟ್ಟಗೆ ನಡೆದು ಕಟ್ಟೆ ಮುಟ್ಟಿದಳು.

"ಚೆನ್ನಾಗಿಯೇ ನಡೆಯುತ್ತಾಳೆ" ಎಂದು ನೀರುಗಂಟಿ ಎದ್ದು ಹೋದ. ಮರುದಿನದಿಂದ ಅವಳ ಮನೆಗೆ ನೀರು ಬರಲಿಲ್ಲ.

ಕುಂಬಾರಗಿತ್ತಿ ಊರ ಹಿರಿಯನಿಗೆ ದೂರು ಕೊಟ್ಟಳು. ಪಕ್ಕದ ಮನೆಯವಳು ಬೇಡವೆಂದು ಬೇಡಿಕೊಂಡಳು. ದೂರು ಸುಳ್ಳೆಂದು ಕಂಡರೆ ಮಳೆ ಬರುವವರೆಗೆ ದೂರು ಕೊಟ್ಟವರ ಮನೆಗೆ ಯಾರೂ ಒಂದು ಚೆಂಬು ನೀರೂ ಕೊಡುವಂತಿರಲಿಲ್ಲ. ಪಕ್ಕದವಳು ಕದ್ದುಮುಚ್ಚಿ ಕೊಡುತ್ತಿದ್ದ ಅರ್ಧ ಕೊಡವೂ ನಿಂತುಹೋಗುತ್ತಿತ್ತು.

ಹಿರಿಯ ಬಾವಿಕಟ್ಟೆಯಲ್ಲೇ ಊರನ್ನು ಸೇರಿಸಿದ. ಕುಂಬಾರಗಿತ್ತಿ ಬಂದು ನಿಂತಳು. ಗುಂಪಿನಲ್ಲಿದ್ದವನೊಬ್ಬ ನಕ್ಕ. "ನಡೆದುಕೊಂಡು ಬಂದು ನಡೆಯಲಾರೆ ಅಂತಾಳಲ್ಲಪ್ಪ!"

"ಬರದೆ ಇದ್ದಿದ್ದರೆ ನನ್ನ ದೂರನ್ನು ನೀನು ಹೇಳುತ್ತಿದ್ದೆಯೇನಣ್ಣ?" ಎಂದಳು ಅವಳು.

ಹಿರಿಯ ನೀರುಗಂಟಿಗೆ ಹೇಳಿದ: "ಬಾವಿಗೆ ಬರುವವರು ನೀರಿಗಾಗಿ ಬರುತ್ತಾರೆ. ಒಂದು ಕೊಡ ಸೇದು. ಅದನ್ನು ಹೆಗಲ ಮೇಲಿಟ್ಟುಕೊಂಡು ಇವಳ ಹಿಂದೆ ಇವಳ ಮನೆಗೆ ಹೋಗು. ಇವಳನ್ನು ದಾಟಬೇಡ. ಕೊಡ ಇಳಿಸಬೇಡ. ಒಂಟಿ ಹೆಂಗಸು ದಾರಿಯಲ್ಲಿ ಕೊಡ ಇಳಿಸಿದರೆ ಮತ್ತೆ ಎತ್ತಿಕೊಡುವವರಿಲ್ಲ. ಇಳಿಸದೆ ಮನೆ ಮುಟ್ಟಿಸಿದರೆ ನಿನ್ನ ತೀರ್ಪು ನಿಲ್ಲುತ್ತದೆ. ಇಳಿಸಿದರೆ ಬೀಳುತ್ತದೆ." ಆಮೇಲೆ ಅವಳ ಕಡೆ ತಿರುಗಿದ. "ಬೇಕೆಂದು ನಿಧಾನ ಮಾಡಿದರೆ ನಿನ್ನ ದೂರು ಸುಳ್ಳು."

ಅವರು ಹೊರಟರು. ಊರು ಹಿಂದೆ ಹೊರಟಿತು.

ಕುಂಬಾರಗಿತ್ತಿ ಆದಷ್ಟು ಬೇಗ ನಡೆದಳು. ನೀರುಗಂಟಿಯ ಮುಖದಲ್ಲಿ ನಗೆಯಿತ್ತು. ಬೇವಿನ ಮರ ಬರುವಷ್ಟರಲ್ಲಿ ಅವಳ ಬೆನ್ನು ಬಾಗಿತು. ಅವಳು ಕುಳಿತಳು. ಅವನು ಕೊಡ ಹೊತ್ತು ನಿಂತ. ಅವಳು ಎದ್ದಳು, ಸ್ವಲ್ಪ ದೂರ ಹೋದಳು, ಗೋಡೆಗೆ ಒರಗಿದಳು. ಅವನು ನಿಂತ. ಬಿಸಿಲು ನೆತ್ತಿಗೆ ಬಂತು. ಅವನ ತೋಳು ನಡುಗಿ ನೀರು ಕುತ್ತಿಗೆಗೆ ತುಳುಕಿತು. ಅವಳು ಮುಂದೆ ಬಾರದ ಕಾಲನ್ನು ಕೈಯಿಂದ ಹಿಡಿದು ಎತ್ತಿಡತೊಡಗಿದಳು.

"ಸ್ವಲ್ಪ ಬೇಗ ನಡಿ ತಾಯಿ, ಹೆಗಲು ಕಿತ್ತುಬರುತ್ತಿದೆ" ಎಂದ ನೀರುಗಂಟಿ.

"ಚೆನ್ನಾಗಿ ನಡೆಯುತ್ತೇನೆ ಅಂತ ನೀವೇ ಹೇಳಿದ್ದಿರಲ್ಲ, ಅಯ್ಯಾ" ಎಂದಳು. ಕುಹಕವಾಡಲು ಅವಳಲ್ಲಿ ಉಸಿರು ಉಳಿದಿರಲಿಲ್ಲ.

ಮನೆಯ ಬಾಗಿಲು ಕಾಣುತ್ತಿತ್ತು. ಅಲ್ಲಿ ಅವಳು ಬಿದ್ದಳು. ಏಳಲು ನೋಡಿದಳು, ಮತ್ತೆ ಬಿದ್ದಳು. ನೀರುಗಂಟಿ ಬಾಗಿಲನ್ನು ನೋಡಿದ. ಇನ್ನು ಸ್ವಲ್ಪ ಹೊತ್ತು ತಡೆದುಕೊಂಡರೆ ಅವನ ತೀರ್ಪು ಉಳಿಯುತ್ತಿತ್ತು. ಅವಳು ತೆವಳಿಯಾದರೂ ಹೊಸ್ತಿಲು ಸೇರುತ್ತಿದ್ದಳು. ಆಗಲೇ ಮೊಣಕೈ ಊರಿದ್ದಳು.

ಅವನು ಕೊಡವನ್ನು ದಾರಿಯಲ್ಲಿ ಇಳಿಸಿದ. ಎರಡೂ ಕೈಗಳಿಂದ ಅವಳನ್ನು ಎತ್ತಿಕೊಂಡ.

ಮರುದಿನ ಅವಳ ಮನೆಗೆ ನೀರು ಬಂತು. ತಂದವನು ನೀರುಗಂಟಿಯೇ. ಮುಂದೆಂದೂ ಅವನು ಬಾವಿಕಟ್ಟೆಯ ಮೇಲೆ ಕುಳಿತು ಯಾರಿಗೂ ಹೇಳಿಕಳಿಸಲಿಲ್ಲ.

ಗುರು ಕತೆ ಮುಗಿಸಿದರು. ಮಠದ ಊಟದ ಗಂಟೆ ಹೊಡೆಯಿತು.

"ಅರ್ಥವಾಯಿತು, ಗುರುಗಳೇ" ಎಂದ ಶಿಷ್ಯ. "ಆ ಮುದುಕನಿಗೆ ಹೇಳಿಕಳಿಸುತ್ತೇನೆ. ನಾಳೆ ಬರಲಿ. ಇನ್ನೊಮ್ಮೆ ಸರಿಯಾಗಿ ವಿಚಾರಿಸುತ್ತೇನೆ."

ಗುರು ಬಾಗಿಲಾಚೆಯ ಮೆಟ್ಟಿಲುಗಳ ಕಡೆ ನೋಡಿದರು.

"ಹೇಳಿಕಳಿಸಬೇಡ, ಬೆಳಿಗ್ಗೆ ಇಳಿಯಲು ಹೊರಟವನು ಇನ್ನೂ ನಡುಮೆಟ್ಟಿಲಿನಲ್ಲಿ ಕುಳಿತಿದ್ದಾನೆ."